ಹುಟ್ಟಿದ ಮಗುವಿನ ಕಣ್ಣು ಟೆಸ್ಟ್ ಮಾಡಿಸೋದು ಯಾವಾಗ, ಎಲ್ಲಿ, ಹೇಗೆ: ಅಪ್ಪ ಅಮ್ಮಂದಿರಿಗೆ ಪೂರ್ತಿ ಗೈಡ್

ಮಗು ಹುಟ್ಟಿದ ತಕ್ಷಣ ತೂಕ ನೋಡ್ತಾರೆ, ಜೋರಾಗಿ ಅತ್ತಿತಾ ಕೇಳ್ತಾರೆ, ಕಾಮಾಲೆ ಇದೆಯಾ ನೋಡ್ತಾರೆ, ಬಿಸಿಜಿ, ಪೋಲಿಯೋ ಎಲ್ಲಾ ಹಾಕಿಸ್ತಾರೆ, ಆದ್ರೆ ಕಣ್ಣು ಟೆಸ್ಟ್ ಆಯ್ತಾ ಅಂತ ಕೇಳಿದ್ರೆ ಹೆಚ್ಚಿನ ಮನೆಗಳಲ್ಲಿ ಯಾರಿಗೂ ಗೊತ್ತಿರಲ್ಲ. ಕಣ್ಣು ಬಿಟ್ಟು ನೋಡ್ತಾ ಇದೆಯಲ್ಲ, ಇನ್ನೇನು ಅಂತಾರೆ. ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್, ಅದಕ್ಕೇ ಇದನ್ನ ಬರೀಲೇಬೇಕು ಅನ್ನಿಸ್ತು: ಒಂದು ತಿಂಗಳ ಮಗುವಿಗೆ ಏನೂ ಕಾಣಿಸ್ತಿಲ್ಲ ಅಂದ್ರೂ ಅದು ಹಾಲು ಕುಡಿಯುತ್ತೆ, ತೂಕ ಏರುತ್ತೆ, ನಿದ್ದೇಲಿ ನಗುತ್ತೆ, ಹೊರಗಿಂದ ನೋಡಿದ್ರೆ ಕಣ್ಣು ಚೆಂದಾಗೇ ಇರುತ್ತೆ. ಮನೆಯವರಿಗೆ ಡೌಟ್ ಬರೋ ಹೊತ್ತಿಗೆ ಮೂರು ನಾಲ್ಕು ತಿಂಗಳಾಗಿರುತ್ತೆ, ಕೆಲವು ಕಾಯಿಲೆಗಳಿಗೆ ಅಷ್ಟರಲ್ಲಿ ಟೈಮ್ ಮುಗಿದೇ ಹೋಗಿರುತ್ತೆ.

ಹಾಗಾಗಿ ಇದು ಪೂರ್ತಿ ತಾರೀಖಿನ ವಿಷಯ. ಯಾವ ಮಗುವಿಗೆ ಯಾವ ತಾರೀಖಿನ ಒಳಗೆ ಯಾವ ಟೆಸ್ಟ್ ಅನ್ನೋದು ಗೊತ್ತಿದ್ರೆ ಮಿಕ್ಕಿದ್ದನ್ನ ಡಾಕ್ಟರ್ ನೋಡ್ಕೋತಾರೆ.

ಹೆಜ್ಜೆ 1: ನಿಮ್ಮ ಮಗು ಯಾವ ಗುಂಪಿಗೆ ಸೇರುತ್ತೆ ನೋಡ್ಕೊಳ್ಳಿ

ಡಿಸ್ಚಾರ್ಜ್ ಕಾರ್ಡ್ ಅಥವಾ ತಾಯಿ ಕಾರ್ಡ್ ತಗೊಂಡು ಅದರಲ್ಲಿ ಎರಡು ನಂಬರ್ ಹುಡುಕಿ. ಒಂದು, ಹುಟ್ಟಿದಾಗ ತೂಕ ಎಷ್ಟಿತ್ತು. ಇನ್ನೊಂದು, ಎಷ್ಟನೇ ವಾರಕ್ಕೆ ಹೆರಿಗೆ ಆಯ್ತು. ಈಗಿನ ತೂಕ ಇಲ್ಲಿ ಲೆಕ್ಕಕ್ಕೆ ಬರಲ್ಲ, ಹುಟ್ಟಿದ ದಿನದ್ದೇ ಬೇಕು. ತುಂಬಾ ಜನ "ಈಗ ಎರಡೂವರೆ ಕೆಜಿ ಆಗಿದೆ ಸಿಸ್ಟರ್, ಇನ್ನೂ ಬೇಕಾ" ಅಂತ ಕೇಳ್ತಾರೆ. ಬೇಕು.

ಹುಟ್ಟಿದಾಗ ತೂಕ 2000 ಗ್ರಾಂಗಿಂತ ಕಡಿಮೆ ಇದ್ರೆ, ಇಲ್ಲಾ 34 ವಾರ ತುಂಬೋಕೆ ಮುಂಚೆ ಹುಟ್ಟಿದ್ರೆ, ಎರಡರಲ್ಲಿ ಯಾವುದಾದ್ರೂ ಒಂದು ಇದ್ರೂ ಸಾಕು, ಆ ಮಗುವಿಗೆ ಆರ್‌ಒಪಿ ಸ್ಕ್ರೀನಿಂಗ್ ಆಗಲೇಬೇಕು. ಆರ್‌ಒಪಿ ಅಂದ್ರೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಪದರ ಹಾಳಾಗೋ ಕಾಯಿಲೆ. 34ರಿಂದ 36 ವಾರದ ಮಧ್ಯೆ ಹುಟ್ಟಿರೋ ಮಗುವಾದ್ರೆ ಅದಕ್ಕೆ ತುಂಬಾ ದಿನ ಆಕ್ಸಿಜನ್ ಕೊಟ್ಟಿದ್ರಾ, ವೆಂಟಿಲೇಟರ್ ಹಾಕಿದ್ರಾ, ರಕ್ತ ಕೊಟ್ಟಿದ್ರಾ, ಸೆಪ್ಸಿಸ್ ಅಂದ್ರೆ ರಕ್ತದಲ್ಲಿ ಇನ್‌ಫೆಕ್ಷನ್ ಆಗಿತ್ತಾ ಅಂತ ಕೇಳಿ. ಇವುಗಳಲ್ಲಿ ಏನಾದ್ರೂ ಇದ್ರೆ ಆ ಮಗುನೂ ಇದೇ ಗುಂಪಿಗೆ ಬರುತ್ತೆ. ಅವಳಿ ಮಕ್ಕಳಿದ್ರೆ ಇಬ್ಬರನ್ನೂ ಬೇರೆ ಬೇರೆಯಾಗಿ ನೋಡಬೇಕು, ದೊಡ್ಡದಕ್ಕೆ ಏನಿಲ್ಲ ಅಂದ ಮಾತ್ರಕ್ಕೆ ಚಿಕ್ಕದಕ್ಕೂ ಏನಿಲ್ಲ ಅಂತ ಅಂದ್ಕೊಳ್ಳೋ ಹಾಗಿಲ್ಲ.

ಅಮೆರಿಕದಲ್ಲಿ ಈ ಗೆರೆ 1500 ಗ್ರಾಂ ಮತ್ತು 30 ವಾರದ ಹತ್ತಿರ ಇದೆ. ಅಲ್ಲಿರೋ ಅಣ್ಣನೋ ಅಕ್ಕನೋ ಗೂಗಲ್ ನೋಡಿ "1800 ಗ್ರಾಂ ಇದೆಯಲ್ಲ, ಅಷ್ಟೆಲ್ಲಾ ಬೇಕಿಲ್ಲ" ಅಂತ ಫೋನಲ್ಲಿ ಹೇಳಬಹುದು, ನಮ್ಮ ದೇಶದಲ್ಲಿ ಆ ಲೆಕ್ಕ ನಡೆಯಲ್ಲ, ಇಲ್ಲಿ ಸ್ವಲ್ಪ ದೊಡ್ಡ ಮಕ್ಕಳಿಗೂ ಜೋರಾದ ಆರ್‌ಒಪಿ ಬರೋದನ್ನ ನಮ್ಮ ಡಾಕ್ಟರುಗಳು ನೋಡಿದ್ದಾರೆ, ಅದಕ್ಕೇ ಇಂಡಿಯಾದಲ್ಲಿ ಗೆರೆನ 2000 ಗ್ರಾಂ, 34 ವಾರಕ್ಕೆ ಇಟ್ಟಿರೋದು.

ದಿನ ತುಂಬಿ ಹುಟ್ಟಿದ, ತೂಕ ಚೆನ್ನಾಗಿರೋ ಮಗುನಾ? ಅದಕ್ಕೂ ಕಣ್ಣಿನ ಟೆಸ್ಟ್ ಇದೆ, ಆದ್ರೆ ಬೇರೆ ಥರದ್ದು, ಎರಡೇ ನಿಮಿಷದ್ದು. ಹೆಜ್ಜೆ 7ಕ್ಕೆ ಹೋಗಿ.

ಹೆಜ್ಜೆ 2: ತಾರೀಖು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ

ಮೊದಲನೇ ಆರ್‌ಒಪಿ ಟೆಸ್ಟ್ ಹುಟ್ಟಿದ ದಿನದಿಂದ 30 ದಿನದ ಒಳಗೆ ಆಗಬೇಕು. 28 ವಾರಕ್ಕಿಂತ ಮುಂಚೆ ಹುಟ್ಟಿದ್ರೆ ಅಥವಾ 1200 ಗ್ರಾಂಗಿಂತ ಕಡಿಮೆ ಇದ್ರೆ ಇನ್ನೂ ಬೇಗ, ಎರಡರಿಂದ ಮೂರು ವಾರದೊಳಗೆ. ಮಾರ್ಚ್ 5ಕ್ಕೆ ಹುಟ್ಟಿದ ಮಗು ಅಂದ್ಕೊಳ್ಳಿ, ಏಪ್ರಿಲ್ 4 ದಾಟೋ ಹಾಗಿಲ್ಲ, ತುಂಬಾ ಚಿಕ್ಕ ಮಗುವಾದ್ರೆ ಮಾರ್ಚ್ 19ರಿಂದ 26ರೊಳಗೇ ಆಗ್ಬೇಕು. ಲೆಕ್ಕ ಶುರುವಾಗೋದು ಹುಟ್ಟಿದ ದಿನದಿಂದ, ಡಿಸ್ಚಾರ್ಜ್ ಆದ ದಿನದಿಂದ ಅಲ್ಲ. ಇಲ್ಲೇ ಜಾಸ್ತಿ ಜನ ಎಡವೋದು. 20 ದಿನ ಐಸಿಯುನಲ್ಲಿದ್ದು ಮನೆಗೆ ಬಂದ್ರೆ ನಿಮ್ಮ ಕೈಲಿ ಉಳಿದಿರೋದು ಹತ್ತೇ ದಿನ.

ಮಗು ಇನ್ನೂ ಐಸಿಯುನಲ್ಲೇ ಇದ್ರೆ ಟೆಸ್ಟ್ ಅಲ್ಲೇ ಬೆಡ್ ಪಕ್ಕದಲ್ಲೇ ಆಗುತ್ತೆ, ಡಿಸ್ಚಾರ್ಜ್‌ವರೆಗೂ ಕಾಯೋ ಅಗತ್ಯ ಇಲ್ಲ. ನೀವು ಮಾಡಬೇಕಾಗಿರೋದು ಡ್ಯೂಟಿ ಡಾಕ್ಟರ್ ಹತ್ರ ಹೋಗಿ "ಡಾಕ್ಟ್ರೇ, ಮಗುಗೆ ಆರ್‌ಒಪಿ ಸ್ಕ್ರೀನಿಂಗ್ ಯಾವ ದಿನ?" ಅಂತ ಕೇಳೋದು. ಕೇಳೋಕೆ ಸಂಕೋಚ ಬೇಡ, ನಮಗೂ ಅದರಿಂದ ಸಹಾಯವೇ ಆಗುತ್ತೆ. ಡಿಸ್ಚಾರ್ಜ್ ಆಗ್ತಿದೆ ಅಂದ್ರೆ ಕಾರ್ಡ್ ಮೇಲೆ ತಾರೀಖು, ಜಾಗ, ಫೋನ್ ನಂಬರ್ ಮೂರನ್ನೂ ಬರೆಸ್ಕೊಳ್ಳಿ. ಬರೀ "ಕಣ್ಣಿನ ಡಾಕ್ಟರಿಗೆ ತೋರಿಸಿ" ಅಂತ ಒಂದು ಸಾಲು ಬರೆದಿದ್ರೆ ಅಲ್ಲಿಂದ ಕದಲಬೇಡಿ, ಯಾವ ತಾರೀಖಿನೊಳಗೆ ಅಂತ ಕೇಳಿ ಬರೆಸಿ. ಅದನ್ನ ಅಪ್ಪ, ಅಮ್ಮ, ಸೋದರಮಾವ, ಯಾರು ಆಸ್ಪತ್ರೆ ಓಡಾಟ ನೋಡ್ಕೋತಾರೋ ಅವರೆಲ್ಲರ ಮೊಬೈಲಲ್ಲೂ ಅಲಾರಂ ಇಡಿ.

ಈಗ ಬಾಣಂತನದ ವಿಷಯ. ಹೆರಿಗೆ ಆದ್ಮೇಲೆ ತವರಿಗೆ ಹೋಗೋದು ನಮ್ಮಲ್ಲಿ ಸಾಮಾನ್ಯ, ಆಸ್ಪತ್ರೆ ಇರೋದು ಕಲಬುರಗೀಲಿ, ತವರು ಇರೋದು ಎಲ್ಲೋ ಒಳಗಿನ ಹಳ್ಳೀಲಿ, ಮೇಲಿಂದ 40 ದಿನ ಕೂಸನ್ನ ಹೊಸ್ತಿಲು ದಾಟಿಸಬಾರದು ಅಂತ ಹಿರಿಯರು ಪಟ್ಟು ಹಿಡೀತಾರೆ. ಅವರ ಕಾಳಜಿ ಸುಳ್ಳಲ್ಲ, ಚಳಿ ಗಾಳಿ ಸೋಂಕು ಅಂತ ಹೆದರೋದ್ರಲ್ಲಿ ಅರ್ಥ ಇದೆ, ಆದ್ರೆ ಆ 40 ದಿನದ ಒಳಗೇ ಈ ಟೆಸ್ಟಿನ ಟೈಮ್ ಮುಗಿದು ಹೋಗುತ್ತೆ. ಹಿರಿಯರ ಜೊತೆ ಜಗಳಕ್ಕೆ ನಿಲ್ಲಬೇಡಿ. "ಅಮ್ಮ, ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕಣ್ಣಿನ ಒಳಗೆ ರಕ್ತನಾಳ ಪೂರ್ತಿ ಬೆಳೆದಿರಲ್ಲವಂತೆ, ತಿಂಗಳೊಳಗೆ ನೋಡದಿದ್ರೆ ಪೂರ್ತಿ ಕುರುಡಾಗಬಹುದಂತೆ, ನೀವೂ ಜೊತೆಗೆ ಬನ್ನಿ, ಮಡಿಲಲ್ಲಿ ಬೆಚ್ಚಗೆ ಸುತ್ಕೊಂಡು ಹೋಗಿ ಬರೋಣ" ಅಂತ ಹೇಳಿ. ಅಜ್ಜಿಯನ್ನೇ ಜೊತೆಗೆ ಕರ್ಕೊಂಡು ಬಂದ ಮನೆಯವರು ಮುಂದಿನ ಫಾಲೋಅಪ್ ತಪ್ಪಿಸೋದು ಕಡಿಮೆ, ಇದು ನಾನು ಕಣ್ಣಾರೆ ನೋಡಿರೋದು.

ಹೆಜ್ಜೆ 3: ಇಷ್ಟು ಅವಸರ ಯಾಕೆ ಅನ್ನೋದು ತಿಳ್ಕೊಳ್ಳಿ

ಹೊಟ್ಟೇಲಿರುವಾಗ ಸುಮಾರು 16ನೇ ವಾರಕ್ಕೆ ಕಣ್ಣಿನ ರೆಟಿನಾದಲ್ಲಿ, ಅಂದ್ರೆ ಹಿಂಪದರದಲ್ಲಿ, ರಕ್ತನಾಳಗಳು ನಡುವಿಂದ ಬಳ್ಳಿ ಹಬ್ಬೋ ಹಾಗೆ ಅಂಚಿನ ಕಡೆಗೆ ಬೆಳೆಯೋಕೆ ಶುರುವಾಗುತ್ತವೆ. ಮೂಗಿನ ಕಡೆ ಅಂಚು ಮುಟ್ಟೋದು 36ನೇ ವಾರದ ಹೊತ್ತಿಗೆ, ಕಿವಿ ಕಡೆ ಅಂಚು ಮುಟ್ಟೋದು 40ರ ಹೊತ್ತಿಗೆ. 30 ವಾರಕ್ಕೇ ಹುಟ್ಟಿದ ಮಗುವಿಗೆ ಈ ಕೆಲಸ ಅರ್ಧಕ್ಕೆ ನಿಂತಿರುತ್ತೆ. ಹೊರಗೆ ಬಂದ ಮೇಲೆ ಹೊಟ್ಟೆಯೊಳಗಿದ್ದಕ್ಕಿಂತ ಜಾಸ್ತಿ ಆಕ್ಸಿಜನ್ ಸಿಗೋದ್ರಿಂದ ನಾಳಗಳ ಬೆಳವಣಿಗೆ ಮೊದಲು ನಿಂತುಬಿಡುತ್ತೆ, ಆಮೇಲೆ ರಕ್ತ ಸಿಗದ ಆ ಅಂಚಿನ ಭಾಗ ನನಗೂ ರಕ್ತ ಬೇಕು ಅಂತ ಸಿಗ್ನಲ್ ಕಳಿಸುತ್ತೆ, ಆ ಸಿಗ್ನಲ್ ಹೆಸರು ವೆಜ್‌ಎಫ್, ಅದು ಜಾಸ್ತಿಯಾದ್ರೆ ಅಡ್ಡಾದಿಡ್ಡಿ, ದುರ್ಬಲ ನಾಳಗಳು ಎದ್ದು ಅಲ್ಲಲ್ಲಿ ರಕ್ತ ಸೋರಿ ಗಾಯದ ಕಲೆ ಥರ ಗಟ್ಟಿಯಾಗಿ ರೆಟಿನಾನ ಎಳೆಯುತ್ತೆ. ರೆಟಿನಾ ಜಾಗ ಬಿಟ್ಟು ಎದ್ದು ಬಂತು ಅಂದ್ರೆ ಆಮೇಲೆ ದೊಡ್ಡ ಸರ್ಜರಿ ಮಾಡಿದ್ರೂ ಸಿಗೋ ದೃಷ್ಟಿ ತೀರಾ ಅಲ್ಪ.

ಇದೆಲ್ಲಾ ನಡೆಯೋದು ಹುಟ್ಟಿದ ಮೊದಲ ಕೆಲವೇ ವಾರಗಳಲ್ಲಿ, ಮತ್ತೆ ಇದರಲ್ಲಿ ಯಾವುದೂ ಹೊರಗೆ ಕಾಣಿಸಲ್ಲ, ಕಣ್ಣು ಕೆಂಪಾಗಲ್ಲ, ನೀರು ಬರಲ್ಲ, ಮಗು ಅಳೋದೂ ಇಲ್ಲ.

ಹಾಗಂತ ಆಕ್ಸಿಜನ್ನೇ ವಿಲನ್ ಅಂದ್ಕೊಂಡು ಕೊಡಬೇಡಿ ಅಂತ ಡಾಕ್ಟರ್ ಜೊತೆ ವಾದ ಮಾಡಬೇಡಿ, ಜೀವ ಉಳಿಸೋಕೆ ಅದು ಬೇಕೇ ಬೇಕು. ಆಕ್ಸಿಜನ್ ಮೇಲಿರೋ ಮಗುವಿಗೆ ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಪರ್ಸೆಂಟ್, 90ರಿಂದ 95ರ ಮಧ್ಯೆ ಇಡೋಕೆ ನೋಡ್ತಾರೆ. ನೀವು ಕಾಂಗರೂ ಕೇರ್ ಕೊಡಬಹುದು, ಅಂದ್ರೆ ಮಗುನ ಬರಿ ಎದೆಗೆ ಒತ್ತಿ ಮಲಗಿಸ್ಕೊಳ್ಳೋದು, ಎದೆಹಾಲು ಹಿಂಡಿ ಕೊಡಬಹುದು, ಪ್ರತಿ ಸಲ ಕೈ ತೊಳೆದೇ ಮಗು ಮುಟ್ಟಬಹುದು. ಮಗು ಚೆನ್ನಾಗಿ ತೂಕ ಏರೋದು, ಇನ್‌ಫೆಕ್ಷನ್ ಆಗದೆ ಇರೋದು ಕಣ್ಣಿಗೂ ಒಳ್ಳೇದು.

ಇದು ಎಷ್ಟು ಸೀರಿಯಸ್ ಅನ್ನೋದಕ್ಕೆ ಒಂದು ಕೇಸ್ ಹೇಳ್ತೀನಿ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೇಲಿ 29ನೇ ವಾರಕ್ಕೆ, 1250 ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತ್ತು. ಯಾರೂ ಅಪ್ಪ ಅಮ್ಮನಿಗೆ ಆರ್‌ಒಪಿ ಟೆಸ್ಟ್ ಬಗ್ಗೆ ಹೇಳಲಿಲ್ಲ, ಮಗು ದೃಷ್ಟಿ ಕಳ್ಕೊಂಡಿತು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2015ರಲ್ಲಿ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಬೇಕು ಅಂತ ತೀರ್ಪು ಬಂತು. ಆದ್ರೆ ಅಷ್ಟು ಹೊತ್ತಿಗೆ ಆ ಹುಡುಗಿಗೆ 18 ವರ್ಷ ದಾಟಿತ್ತು. ದುಡ್ಡು ಬಂತು, ದೃಷ್ಟಿ ಬರಲಿಲ್ಲ.

ಹೆಜ್ಜೆ 4: ಎಲ್ಲಿ ತೋರಿಸಬೇಕು

ಎಲ್ಲಾ ಕಣ್ಣಿನ ಡಾಕ್ಟರೂ ಆರ್‌ಒಪಿ ನೋಡಲ್ಲ. ಕನ್ನಡಕದ ನಂಬರ್ ನೋಡೋ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿ, ಅಲ್ಲಿ ಟಾರ್ಚ್ ಬಿಟ್ಟು "ಕಣ್ಣು ಚೆನ್ನಾಗಿದೆ" ಅಂದ್ರು ಅಂತ ವಾಪಸ್ ಬಂದ್ರೆ ಟೆಸ್ಟ್ ಆಗಿಲ್ಲ ಅಂತಲೇ ಅರ್ಥ. ರೆಟಿನಾ ಸ್ಪೆಷಲಿಸ್ಟ್ ಅಥವಾ ಆರ್‌ಒಪಿ ಟ್ರೈನಿಂಗ್ ಆಗಿರೋ ಡಾಕ್ಟರ್ ಬೇಕು. ಫೋನ್ ಮಾಡಿ "ಆರ್‌ಒಪಿ ಸ್ಕ್ರೀನಿಂಗ್ ಮಾಡ್ತೀರಾ, ಯಾವ ದಿನ ಮಾಡ್ತೀರಾ" ಅಂತ ಕೇಳ್ಕೊಂಡೇ ಹೊರಡಿ, ಯಾಕಂದ್ರೆ ಎಷ್ಟೋ ಕಡೆ ವಾರಕ್ಕೆ ಒಂದೋ ಎರಡೋ ದಿನ ಮಾತ್ರ ಇರುತ್ತೆ.

ಸರ್ಕಾರಿ ದಾರಿ ಹೀಗಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಎಲ್ಲರೂ ಆರ್‌ಬಿಎಸ್‌ಕೆ ಅನ್ನೋದು, 2013ರಲ್ಲಿ ಶುರುವಾಯ್ತು, ಅದರ ಪಟ್ಟೀಲಿ ಹುಟ್ಟಿನಿಂದ ಬರೋ ಕಣ್ಣಿನ ಪೊರೆ ಮತ್ತು ಆರ್‌ಒಪಿ ಎರಡೂ ಇವೆ. ಜಿಲ್ಲಾ ಆಸ್ಪತ್ರೇಲಿ ಡಿಇಐಸಿ ಅನ್ನೋ ಮಕ್ಕಳ ಸೆಂಟರ್ ಎಲ್ಲಿದೆ ಅಂತ ಕೇಳಿ, ಅಲ್ಲಿಂದ ಮುಂದಿನ ಆಸ್ಪತ್ರೆಗೆ ರೆಫರಲ್ ಸಿಗುತ್ತೆ. ಜೆಎಸ್‌ಎಸ್‌ಕೆ, ಅಂದ್ರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಅನ್ನೋ ಯೋಜನೇಲಿ ಒಂದು ವರ್ಷದೊಳಗಿನ ಹುಷಾರಿಲ್ಲದ ಮಗುವಿಗೆ ಸರ್ಕಾರಿ ಆಸ್ಪತ್ರೇಲಿ ಚಿಕಿತ್ಸೆ ಫ್ರೀ, ರೆಫರಲ್ ಮಾಡಿದ್ರೆ ಗಾಡೀನೂ ಕೇಳಬಹುದು. ಏನೂ ತೋಚದಿದ್ರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ. ಆಶಾ ಅಕ್ಕನಿಗೂ ಹೇಳಿಟ್ಟಿರಿ, ಮೊದಲ 42 ದಿನದಲ್ಲಿ ಅವರು ಹಲವು ಸಲ ಮನೆಗೆ ಬರ್ತಾರೆ, ತಾರೀಖು ನೆನಪಿಸೋಕೆ ಅವರಿಗಿಂತ ಒಳ್ಳೆಯವರಿಲ್ಲ.

ಕರ್ನಾಟಕದವರು ಹೆಮ್ಮೆಪಡಬೇಕಾದ ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಹಳ್ಳಿ ಕಡೆ ಆರ್‌ಒಪಿ ಡಾಕ್ಟರೇ ಇಲ್ಲದಿದ್ದ ಸಮಯದಲ್ಲಿ, 2008ರಲ್ಲಿ, ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ ಕಿಡ್ರಾಪ್ ಅನ್ನೋ ಕಾರ್ಯಕ್ರಮ ಶುರು ಮಾಡಿತು. ಟ್ರೈನಿಂಗ್ ಕೊಟ್ಟ ಟೆಕ್ನೀಶಿಯನ್‌ಗಳು ರೆಟ್‌ಕ್ಯಾಮ್ ಅನ್ನೋ ಕ್ಯಾಮೆರಾನ ಗಾಡೀಲಿ ಹಾಕ್ಕೊಂಡು ಜಿಲ್ಲೆ ಜಿಲ್ಲೆ ಆಸ್ಪತ್ರೆಗಳಿಗೆ ಹೋಗಿ, ಮಗುವಿನ ರೆಟಿನಾ ಫೋಟೋ ತೆಗೆದು ಇಂಟರ್‌ನೆಟ್ಟಲ್ಲಿ ಕಳಿಸ್ತಾರೆ, ಬೆಂಗಳೂರಲ್ಲಿರೋ ಸ್ಪೆಷಲಿಸ್ಟ್ ಮೊಬೈಲಲ್ಲೇ ನೋಡಿ ರಿಪೋರ್ಟ್ ಕೊಡ್ತಾರೆ. ಕೆಂಪು ಅಂದ್ರೆ ಅರ್ಜೆಂಟು, ಕಿತ್ತಳೆ ಅಂದ್ರೆ ಮತ್ತೆ ನೋಡಬೇಕು, ಹಸಿರು ಅಂದ್ರೆ ಸೇಫ್. ರಾಜ್ಯ ಸರ್ಕಾರ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಕೂಡ ಕೈಜೋಡಿಸಿದವು. ಆಮೇಲೆ ಬೆಂಗಳೂರಿನದೇ ಫೋರಸ್ ಹೆಲ್ತ್ ಕಂಪನಿ ಇದೇ ಕೆಲಸಕ್ಕೆ 3ನೇತ್ರ ನಿಯೋ ಅನ್ನೋ ಕ್ಯಾಮೆರಾ ಮಾಡಿತು. ಇಂಥ ಟೀಮ್ ನಿಮ್ಮ ಮಗು ಇರೋ ಐಸಿಯುಗೆ ಬರುತ್ತಾ, ಯಾವ ದಿನ ಬರುತ್ತೆ ಅಂತ ಕೇಳಿ ನೋಡಿ, ಓಡಾಟ ಉಳಿಯಬಹುದು.

ಹೆಜ್ಜೆ 5: ಟೆಸ್ಟ್ ದಿನ ಏನೇನು ನಡೆಯುತ್ತೆ

ಬ್ಯಾಗಲ್ಲಿ ಡಿಸ್ಚಾರ್ಜ್ ಕಾರ್ಡ್, ತಾಯಿ ಕಾರ್ಡ್, ಟೋಪಿ, ಸಾಕ್ಸ್, ಬೆಚ್ಚಗಿನ ಬಟ್ಟೆ, ಎರಡು ಮೂರು ಲಂಗೋಟಿ ಇರಲಿ. ಹಾಲನ್ನ ಟೆಸ್ಟಿಗೆ ಒಂದು ಗಂಟೆ ಮುಂಚೆನೇ ಕುಡಿಸಿ ಮುಗಿಸಿ, ಈಗಷ್ಟೇ ಹೊಟ್ಟೆ ತುಂಬ ಕುಡಿದಿದ್ರೆ ಮಧ್ಯದಲ್ಲಿ ವಾಂತಿಯಾಗಿ ಉಸಿರಿಗೆ ಸಿಕ್ಕಿಕೊಳ್ಳೋ ಭಯ ಇರುತ್ತೆ. ಹಾಗಂತ ಬೆಳಗ್ಗಿಂದ ಖಾಲಿ ಹೊಟ್ಟೇಲೂ ಇಡಬೇಡಿ, ಚಿಕ್ಕ ಮಕ್ಕಳಿಗೆ ಶುಗರ್ ಬೇಗ ಇಳಿಯುತ್ತೆ.

ಮೊದಲು ಪಾಪೆ ಅಗಲ ಆಗೋಕೆ ಡ್ರಾಪ್ಸ್ ಹಾಕ್ತಾರೆ, ಹತ್ತು ಹದಿನೈದು ನಿಮಿಷಕ್ಕೊಂದು ಸಲದ ಹಾಗೆ ಎರಡು ಮೂರು ಸಲ. ಪೂರ್ತಿ ಅಗಲ ಆಗೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತೆ. ದೊಡ್ಡವರಿಗೆ ಹಾಕೋ ಸ್ಟ್ರಾಂಗ್ ಡ್ರಾಪ್ಸ್ ಮಕ್ಕಳಿಗೆ ಹಾಕಲ್ಲ, ಬಿಪಿ ಏರಬಹುದು, ಫಿನೈಲ್‌ಎಫ್ರಿನ್ ಅನ್ನೋ ಡ್ರಾಪ್ಸ್ ಹಾಕೋದಾದ್ರೆ 2.5 ಪರ್ಸೆಂಟಿನದೇ ಸಾಕು. ಕೆನ್ನೆ ಮೇಲೆ ಹರಿದ ಹನಿಯನ್ನ ತಕ್ಷಣ ಒರೆಸಬೇಕು, ಚರ್ಮದಿಂದಲೂ ಔಷಧಿ ಒಳಗೆ ಹೋಗುತ್ತೆ.

ಆಮೇಲೆ ಮಗುನ ಬಟ್ಟೇಲಿ ಬಿಗಿಯಾಗಿ ಸುತ್ತಿ, ಕಣ್ಣಿಗೆ ಮರಗಟ್ಟೋ ಹನಿ ಹಾಕಿ, ರೆಪ್ಪೆ ಮುಚ್ಚದ ಹಾಗೆ ಸಣ್ಣ ತಂತಿ ಕ್ಲಿಪ್ ಇಡ್ತಾರೆ. ಡಾಕ್ಟರ್ ತಲೆಗೆ ಕಟ್ಕೊಂಡ ಲೈಟ್ ಬಿಟ್ಟು, ಕೈಲಿ ಲೆನ್ಸ್ ಹಿಡಿದು ನೋಡ್ತಾರೆ, ಅಂಚಿನವರೆಗೂ ಕಾಣೋಕೆ ಕಣ್ಣುಗುಡ್ಡೆಯನ್ನ ಮೆಲ್ಲಗೆ ಒತ್ತಿ ತಿರುಗಿಸ್ತಾರೆ. ಕೆಲವು ಕಡೆ ಕ್ಯಾಮೆರಾ. ಮಗು ಜೋರಾಗಿ ಅಳುತ್ತೆ, ನೋಡೋಕೆ ಕಷ್ಟ, ಎಷ್ಟೋ ಅಮ್ಮಂದಿರು ಅಲ್ಲೇ ಕೂತು ಕಣ್ಣೀರು ಹಾಕ್ತಾರೆ. ಕೆಲವು ನಿಮಿಷದ ಕೆಲಸ ಅಷ್ಟೇ. ನೋವು ಕಡಿಮೆ ಮಾಡೋಕೆ ಸಕ್ಕರೆ ದ್ರಾವಣ ಅಥವಾ ಹಿಂಡಿದ ಎದೆಹಾಲನ್ನ ಒಂದೆರಡು ಹನಿ ನಾಲಿಗೆಗೆ ಹಾಕೋ ಪದ್ಧತಿ ಇದೆ, "ಸಿಸ್ಟರ್, ಹಾಕಬಹುದಾ" ಅಂತ ಕೇಳಿ. ನೋಡೋಕಾಗಲ್ಲ ಅಂದ್ರೆ ಹೊರಗೆ ನಿಲ್ಲಿ, ತಪ್ಪೇನಿಲ್ಲ.

ಮುಗಿದ ಮೇಲೆ ಒಂದೆರಡು ದಿನ ಕಣ್ಣು ಕೆಂಪಾಗಿ, ರೆಪ್ಪೆ ಸ್ವಲ್ಪ ಊದಿರಬಹುದು, ಹೆದರಬೇಡಿ. ಪಾಪೆ ಇನ್ನೂ ಕೆಲವು ಗಂಟೆ ಅಗಲವಾಗೇ ಇರುತ್ತೆ, ಬಿಸಿಲಿಗೆ ಕಣ್ಣು ಕೊಡಬೇಡಿ. ತೀರಾ ಚಿಕ್ಕ ಮಗುವಾದ್ರೆ ಅರ್ಧ ಒಂದು ಗಂಟೆ ಅಲ್ಲೇ ಕೂತು ಉಸಿರಾಟ, ಬಣ್ಣ, ಹಾಲು ಕುಡಿಯೋದು ನೋಡ್ಕೊಂಡು ಹೊರಡಿ, ಉಸಿರು ನಿಂತು ನಿಂತು ಬರ್ತಿದೆ ಅಥವಾ ನೀಲಿ ಆಗ್ತಿದೆ ಅನ್ನಿಸಿದ್ರೆ ಆ ಕ್ಷಣವೇ ಕೂಗಿ ಕರೀರಿ.

ಹೆಜ್ಜೆ 6: ರಿಪೋರ್ಟ್ ಓದೋದು, ಮುಂದಿನ ದಾರಿ

ರಿಪೋರ್ಟಲ್ಲಿ ಝೋನ್, ಸ್ಟೇಜ್, ಪ್ಲಸ್ ಅಂತ ಮೂರು ಮಾತು ಇರುತ್ತೆ. ಝೋನ್ ಅಂದ್ರೆ ನಾಳಗಳು ಎಲ್ಲಿವರೆಗೆ ಬೆಳೆದಿವೆ ಅನ್ನೋದು. 3 ಅಂದ್ರೆ ಅಂಚಿನ ಹತ್ರ, ನೆಮ್ಮದಿ. 1 ಅಂದ್ರೆ ಇನ್ನೂ ನಡುವಲ್ಲೇ ಇದೆ, ಹುಷಾರಾಗಿರಬೇಕು. ಸ್ಟೇಜ್ ಕಾಯಿಲೆಯ ಜೋರು ಹೇಳುತ್ತೆ: 1ರಲ್ಲಿ ಒಂದು ತೆಳು ಗೆರೆ, 2ರಲ್ಲಿ ಆ ಗೆರೆ ದಿಬ್ಬ ಆಗಿರುತ್ತೆ, 3ರಲ್ಲಿ ಕೆಟ್ಟ ನಾಳಗಳು ಎದ್ದಿರುತ್ತವೆ, 4ರಲ್ಲಿ ರೆಟಿನಾ ಸ್ವಲ್ಪ ಎದ್ದಿರುತ್ತೆ, 5ರಲ್ಲಿ ಪೂರ್ತಿ ಎದ್ದುಬಿಟ್ಟಿರುತ್ತೆ. ಪ್ಲಸ್ ಅಂದ್ರೆ ನಾಳಗಳು ಊದಿ ಸೊಟ್ಟಸೊಟ್ಟ ಆಗಿವೆ, ಕಾಯಿಲೆ ಚುರುಕಾಗಿದೆ ಅಂತ.

ಸ್ಟೇಜ್ 1 ಅಂತ ಕೇಳಿದ ಕೂಡಲೇ ಕುಸಿಯಬೇಡಿ, 1 ಮತ್ತು 2 ಬಹಳಷ್ಟು ಮಕ್ಕಳಲ್ಲಿ ತಾನಾಗೇ ಇಳಿದು ಹೋಗುತ್ತೆ. ಆದ್ರೆ ಇಳಿಯುತ್ತಾ ಏರುತ್ತಾ ಅನ್ನೋದು ಗೊತ್ತಾಗೋದು ಮತ್ತೆ ನೋಡಿದಾಗ ಮಾತ್ರ, ಅದಕ್ಕೇ ಒಂದು ವಾರಕ್ಕೋ ಎರಡು ವಾರಕ್ಕೋ ಮೂರು ವಾರಕ್ಕೋ ಬನ್ನಿ ಅಂತಾರೆ. "ಏನಿಲ್ಲ, ಎರಡು ವಾರ ಬಿಟ್ಟು ಬನ್ನಿ" ಅನ್ನೋ ವಾಕ್ಯದಲ್ಲಿ ನಮ್ಮ ಜನಕ್ಕೆ "ಏನಿಲ್ಲ" ಮಾತ್ರ ಕೇಳಿಸುತ್ತೆ, ದಯವಿಟ್ಟು ಎರಡನೇ ಅರ್ಧ ಕೇಳಿಸ್ಕೊಳ್ಳಿ. ರೆಟಿನಾ ಪೂರ್ತಿ ಬೆಳೆದಿದೆ, ಮೆಚ್ಯೂರ್ ಆಗಿದೆ ಅಂತ ಡಾಕ್ಟರ್ ಬರೆದು ಕೊಡೋವರೆಗೂ ಹೋಗ್ತಾನೇ ಇರಬೇಕು.

ಟ್ರೀಟ್‌ಮೆಂಟ್ ಬೇಕು ಅಂದ್ರೆ 48ರಿಂದ 72 ಗಂಟೆ ಒಳಗೆ ಆಗಬೇಕು. ಇಲ್ಲಿ ಜಾತ್ರೆ ಇದೆ, ನಾಮಕರಣ ಇದೆ, ದುಡ್ಡು ಹೊಂದಿಸ್ಕೊಂಡು ಸೋಮವಾರ ಬರ್ತೀವಿ ಅನ್ನೋದು ನಡೆಯಲ್ಲ. ಅಗ್ರೆಸಿವ್ ಆರ್‌ಒಪಿ ಅನ್ನೋ ಒಂದು ರೂಪ ಇದೆ, ಅದು ಕೆಲವೇ ದಿನಗಳಲ್ಲಿ ರೆಟಿನಾ ಎಬ್ಬಿಸಿಬಿಡುತ್ತೆ. ದುಡ್ಡಿನ ತೊಂದರೆ ಇದ್ರೆ ಅದನ್ನ ಮುಚ್ಚಿಡದೆ ಅಲ್ಲೇ ಹೇಳಿ, ಆರ್‌ಬಿಎಸ್‌ಕೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ದಾರಿ ಇದೆಯಾ ಅಂತ ಕೇಳಿ.

ಚಿಕಿತ್ಸೆ ಎರಡು ಥರ. ಲೇಸರ್‌ನಲ್ಲಿ ರಕ್ತ ಸಿಗದ ಅಂಚಿನ ಭಾಗವನ್ನ ಸುಟ್ಟು ಆ ಕೆಟ್ಟ ಸಿಗ್ನಲ್ ನಿಲ್ಲಿಸ್ತಾರೆ, ನಡುಭಾಗದ ದೃಷ್ಟಿ ಉಳಿಯುತ್ತೆ. ಇನ್ನೊಂದು, ವೆಜ್‌ಎಫ್ ತಡೆಯೋ ಔಷಧಿಯನ್ನ ಕಣ್ಣಿನೊಳಗೇ ಇಂಜೆಕ್ಷನ್ ಕೊಡ್ತಾರೆ. ಇಂಜೆಕ್ಷನ್ ಬೇಗ ಆಗುತ್ತೆ, ಆದ್ರೆ ಅದಾದ ಎಷ್ಟೋ ವಾರದ ಮೇಲೂ ಕಾಯಿಲೆ ವಾಪಸ್ ಬರಬಹುದು, ಹಾಗಾಗಿ ಇಂಜೆಕ್ಷನ್ ಆದ ಮಗುವಿಗೆ ಫಾಲೋಅಪ್ ಇನ್ನೂ ಉದ್ದ. ಯಾವುದು ಅನ್ನೋದು ಡಾಕ್ಟರ್ ತೀರ್ಮಾನ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಮುಂದಿನ ಚೆಕಪ್ ಯಾವತ್ತು?

ಹೆಜ್ಜೆ 7: ದಿನ ತುಂಬಿದ ಮಗುವಿಗೆ ರೆಡ್ ರಿಫ್ಲೆಕ್ಸ್ ಟೆಸ್ಟ್

ಈ ಟೆಸ್ಟ್ ಎಲ್ಲಾ ಮಕ್ಕಳಿಗೂ, ದಿನ ತುಂಬದೆ ಹುಟ್ಟಿದವಕ್ಕೂ. ರೂಮ್ ಕತ್ತಲೆ ಮಾಡಿ, ಆಫ್ತಾಲ್ಮೋಸ್ಕೋಪ್ ಅನ್ನೋ ಚಿಕ್ಕ ಲೈಟ್ ಯಂತ್ರವನ್ನ ಒಂದೂವರೆ ಅಡಿ ದೂರದಿಂದ ಎರಡೂ ಕಣ್ಣಿಗೆ ಒಟ್ಟಿಗೆ ಬಿಟ್ಟು ನೋಡ್ತಾರೆ. ಪಾಪೆ ಒಳಗಿಂದ ಬೆಳಕು ವಾಪಸ್ ಬರಬೇಕು, ಬಣ್ಣ ಕೆಂಪು, ನಮ್ಮ ಮಕ್ಕಳಲ್ಲಿ ಎಷ್ಟೋ ಸಲ ಕಿತ್ತಳೆ ಅಥವಾ ಹಳದಿ ಛಾಯೆ, ಮುಖ್ಯವಾಗಿ ಎರಡೂ ಕಡೆ ಒಂದೇ ಥರ. ಕಪ್ಪಾಗಿದ್ರೆ, ಕಪ್ಪು ಚುಕ್ಕಿ ಇದ್ರೆ, ಬೆಳ್ಳಗೆ ಹೊಳೆದ್ರೆ, ಒಂದು ಕಡೆ ಮಂಕಾಗಿದ್ರೆ ತಕ್ಷಣ ಮಕ್ಕಳ ಕಣ್ಣಿನ ಡಾಕ್ಟರಿಗೆ. ಡಿಸ್ಚಾರ್ಜ್‌ಗೆ ಮುಂಚೆ ಒಮ್ಮೆ, ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ ಮತ್ತೊಮ್ಮೆ ಮಾಡಿಸಿ. ಬ್ರಿಟನ್ನಲ್ಲಿ ಎಲ್ಲಾ ಮಕ್ಕಳಿಗೂ 72 ಗಂಟೆಯೊಳಗೆ ಒಮ್ಮೆ, 6ರಿಂದ 8 ವಾರಕ್ಕೆ ಇನ್ನೊಮ್ಮೆ ಹೀಗೇ ನೋಡ್ತಾರೆ. ನಮ್ಮಲ್ಲಿ ಎಲ್ಲಾ ಕಡೆ ತಾನಾಗೇ ಆಗಲ್ಲ, ಕೇಳಿ ಮಾಡಿಸ್ಕೊಳ್ಳಬೇಕು, ಮಕ್ಕಳ ಡಾಕ್ಟರೇ ಮಾಡಬಹುದು.

ಇದರಲ್ಲಿ ಸಿಗೋ ಮುಖ್ಯವಾದದ್ದು ಹುಟ್ಟು ಪೊರೆ. ಪೊರೆ ಅಜ್ಜ ಅಜ್ಜಿಗೆ ಬರೋದು ಅನ್ನೋ ನಂಬಿಕೆ ಇರೋದ್ರಿಂದ "ಮಗು ದೊಡ್ಡದಾಗ್ಲಿ, ಆಮೇಲೆ ಆಪರೇಷನ್ ಮಾಡಿಸೋಣ" ಅಂತಾರೆ. ಅಜ್ಜನಿಗೆ ಎರಡು ವರ್ಷ ತಡ ಆದ್ರೂ ಆಪರೇಷನ್ ಆದ್ಮೇಲೆ ಕಾಣಿಸುತ್ತೆ, ಯಾಕಂದ್ರೆ ಅವರ ಮೆದುಳು ನೋಡೋದನ್ನ ಯಾವತ್ತೋ ಕಲಿತಿದೆ. ಮಗುವಿನ ಮೆದುಳು ಅದನ್ನ ಕಲಿಯೋದೇ ಈ ಮೊದಲ ತಿಂಗಳುಗಳಲ್ಲಿ. ಒಂದೇ ಕಣ್ಣಲ್ಲಿ ದಟ್ಟ ಪೊರೆ ಇದ್ರೆ ಸುಮಾರು 6 ವಾರದ ಹೊತ್ತಿಗೇ ಆಪರೇಷನ್ ಮಾಡೋಕೆ ನೋಡ್ತಾರೆ. ಬಸುರಿ ಇದ್ದಾಗ ರುಬೆಲ್ಲಾ ಬಂದಿದ್ರೆ ಮಗುವಿಗೆ ಪೊರೆ, ಕಿವುಡು, ಹೃದಯದ ತೊಂದರೆ ಒಟ್ಟಿಗೆ ಬರಬಹುದು, ಆಗ ಜ್ವರದ ಜೊತೆ ಮೈಮೇಲೆ ಗಂಧೆ ಎದ್ದಿದ್ದು ನೆನಪಿದ್ರೆ ಡಾಕ್ಟರಿಗೆ ಹೇಳಿ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲಿ ಮದುವೆ ಆಗಿದ್ರೂ, ಮನೇಲಿ ಯಾರಿಗಾದ್ರೂ ಚಿಕ್ಕಂದಿನಿಂದ ಕಣ್ಣಿನ ತೊಂದರೆ ಇದ್ರೂ ಹೇಳಿ, ಇದರಲ್ಲಿ ನಾಚಿಕೆ ಪಡೋದೇನಿಲ್ಲ.

ಬೆಳ್ಳಗೆ ಹೊಳೆಯೋ ಪಾಪೆ ರೆಟಿನೋಬ್ಲಾಸ್ಟೋಮ ಅನ್ನೋ ಕ್ಯಾನ್ಸರ್ ಕೂಡ ಆಗಿರಬಹುದು. ಬೇಗ ಸಿಕ್ಕರೆ ಜೀವ ಉಳಿಯುತ್ತೆ, ಎಷ್ಟೋ ಸಲ ಕಣ್ಣೂ ಉಳಿಯುತ್ತೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋಲಿ ಒಂದು ಕಣ್ಣು ಕೆಂಪಾಗಿ ಇನ್ನೊಂದು ಬೆಳ್ಳಗೆ ಕಂಡ್ರೆ ಆ ಫೋಟೋ ಡಿಲೀಟ್ ಮಾಡದೆ ಅದನ್ನೇ ತಗೊಂಡು ಡಾಕ್ಟರ್ ಹತ್ರ ಹೋಗಿ. ಮಗು ಓರೆಯಾಗಿ ನೋಡಿದಾಗ ಸುಮ್ಮನೆ ಹಾಗೆ ಕಾಣಿಸೋದೂ ಉಂಟು, ಅದನ್ನ ತೀರ್ಮಾನ ಮಾಡೋದು ಡಾಕ್ಟರ್ ಕೆಲಸ.

ಹೆಜ್ಜೆ 8: ಮನೇಲಿ ಏನು ಗಮನಿಸಬೇಕು, ಏನು ಹಾಕಬಾರದು

ಹುಟ್ಟಿದ ಮೊದಲ ವಾರದಲ್ಲೇ ರೆಪ್ಪೆ ಊದಿ, ಕೀವು ಸುರೀತಾ ಇದ್ರೆ ಅದು ಅರ್ಜೆಂಟು, ಬೆಳಗಾಗ್ಲಿ ಅಂತ ಕಾಯಬೇಡಿ. ಹೆರಿಗೆ ವೇಳೆ ತಾಯಿಂದ ಬರೋ ಕೆಲವು ಸೋಂಕು ಒಂದೇ ದಿನದಲ್ಲಿ ಕಪ್ಪುಗುಡ್ಡೆನ ತೂತು ಮಾಡಬಲ್ಲದು. ಬರೀ ನೀರು, ಸ್ವಲ್ಪ ಗೀಜು, ಕಣ್ಣು ಬಿಳುಪಾಗೇ ಇದೆ ಅಂದ್ರೆ ಹೆಚ್ಚಾಗಿ ಕಣ್ಣೀರಿನ ನಾಳ ಕಟ್ಟಿರುತ್ತೆ, ಒಂದು ವರ್ಷದೊಳಗೆ ಬಹುಪಾಲು ಮಕ್ಕಳಿಗೆ ತಾನಾಗೇ ಬಿಡುತ್ತೆ. ಉಗುರು ಕತ್ತರಿಸಿ, ಕೈ ತೊಳೆದು, ಮೂಗಿನ ಪಕ್ಕ ಕಣ್ಣಿನ ಒಳಮೂಲೇಲಿ ಬೆರಳಿಟ್ಟು ಒತ್ತಿ ಕೆಳಗೆ ನೀವಬೇಕು, ಸಲಕ್ಕೆ ಐದರಿಂದ ಹತ್ತು ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಡಾಕ್ಟರ್ ಹತ್ರ ಒಮ್ಮೆ ನೋಡಿ ಕಲಿತೇ ಮಾಡಿ.

ಆದ್ರೆ ನೀರು ಬರೋದ್ರ ಜೊತೆ ಬೆಳಕು ಕಂಡ್ರೆ ಮಗು ಕಣ್ಣು ಗಟ್ಟಿಯಾಗಿ ಮುಚ್ಕೋತಿದೆ, ಕಪ್ಪುಗುಡ್ಡೆ ಮಂಜು ಮಂಜಾಗಿದೆ, ಕಣ್ಣು ವಯಸ್ಸಿಗೆ ಮೀರಿ ದೊಡ್ಡದಾಗಿದೆ ಅಂದ್ರೆ ಗ್ಲಾಕೋಮಾ, ಅಂದ್ರೆ ಕಣ್ಣಿನೊಳಗೆ ಒತ್ತಡ ಏರೋ ಕಾಯಿಲೆ, ಇರಬಹುದು. "ಎಷ್ಟು ದೊಡ್ಡ ಚೆಂದದ ಕಣ್ಣು" ಅಂತ ಬಂದೋರೆಲ್ಲಾ ಹೊಗಳೋ ಕಣ್ಣೇ ಎಷ್ಟೋ ಸಲ ಒತ್ತಡದಿಂದ ಹಿಗ್ಗಿರೋ ಕಣ್ಣಾಗಿರುತ್ತೆ. ಇದಕ್ಕೆ ಆಪರೇಷನ್ ಬೇಗ ಬೇಕು.

ಹೆರಿಗೆ ಒತ್ತಡಕ್ಕೆ ಕಣ್ಣಿನ ಬಿಳಿ ಭಾಗದಲ್ಲಿ ಬರೋ ರಕ್ತದ ಕಲೆ ಎರಡು ವಾರದಲ್ಲಿ ಹೋಗುತ್ತೆ. ಕಣ್ಣು ಆಗಾಗ ಮೆಳ್ಳೆ ಥರ ಹೋಗೋದು ಮೂರು ನಾಲ್ಕು ತಿಂಗಳವರೆಗೆ ಸಹಜ, ಯಾವಾಗಲೂ ಹಾಗೇ ಇದ್ರೆ ಅಥವಾ ನಾಲ್ಕು ತಿಂಗಳು ದಾಟಿದ ಮೇಲೂ ಇದ್ರೆ ತೋರಿಸಿ. ಎರಡು ತಿಂಗಳಿಗೆ ಮುಖ ನೋಡಿ ಕಣ್ಣಲ್ಲಿ ಕಣ್ಣಿಡಬೇಕು, ಮೂರು ತಿಂಗಳಿಗೆ ಆಟಿಕೆ ಹಿಂದೆ ಕಣ್ಣು ತಿರುಗಿಸಬೇಕು. ಎಷ್ಟು ತಿಂಗಳು ಮುಂಚೆ ಹುಟ್ಟಿದೆಯೋ ಅಷ್ಟು ತಿಂಗಳನ್ನ ಈ ಎರಡು, ಮೂರು ತಿಂಗಳಿಗೆ ಸೇರಿಸಿ ಲೆಕ್ಕ ಹಾಕಿ.

ಕಣ್ಣಿಗೆ ಕಾಡಿಗೆ ಬೇಡ, ಮನೇಲೇ ಮಾಡಿದ್ದೂ ಬೇಡ. ಹರಳೆಣ್ಣೆ ಬಿಡಬೇಡಿ, ಎದೆಹಾಲು ಹಿಂಡಬೇಡಿ, ಜೇನುತುಪ್ಪ ಹಚ್ಚಬೇಡಿ, ಮೆಡಿಕಲ್ ಶಾಪಿಂದ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಅಂತೂ ಮುಟ್ಟಲೇಬೇಡಿ. ದೃಷ್ಟಿ ಬೊಟ್ಟು ಇಡ್ಲೇಬೇಕು ಅಂತ ಅಜ್ಜಿ ಹೇಳಿದ್ರೆ ಅಂಗಾಲಿಗೋ ಕೆನ್ನೆಗೋ ಇಡಿ. ಕಣ್ಣು ಒರೆಸೋಕೆ ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿ, ಒಂದೊಂದು ಕಣ್ಣಿಗೆ ಬೇರೆ ಬೇರೆ, ಮೂಗಿನ ಕಡೆಯಿಂದ ಹೊರಗೆ.

ಹೆಜ್ಜೆ 9: ಆರ್‌ಒಪಿ ಮುಗೀತು ಅಂದ ಮೇಲೆ

ದಿನ ತುಂಬದೆ ಹುಟ್ಟಿದ ಮಕ್ಕಳಿಗೆ, ಆರ್‌ಒಪಿ ತಾನಾಗೇ ಇಳಿದಿದ್ರೂ ಸರಿ, ಮುಂದೆ ಮೈನಸ್ ನಂಬರ್, ಮೆಳ್ಳೆಗಣ್ಣು, ಒಂದು ಕಣ್ಣು ಮಂದ ಆಗೋದು ಮಿಕ್ಕ ಮಕ್ಕಳಿಗಿಂತ ಜಾಸ್ತಿ. ಒಂದು ವರ್ಷಕ್ಕೆ ಒಮ್ಮೆ ತೋರಿಸಿ, ಆಮೇಲೆ ಶಾಲೆಗೆ ಸೇರೋವರೆಗೆ ವರ್ಷಕ್ಕೊಂದು ಸಲ, ಲೇಸರ್ ಅಥವಾ ಇಂಜೆಕ್ಷನ್ ಆಗಿದ್ರೆ ಡಾಕ್ಟರ್ ಹೇಳಿದ ಹಾಗೆ ಇನ್ನೂ ಬೇಗ ಬೇಗ. ಒಂದು ವರ್ಷದ ಮಗುವಿಗೆ ಕನ್ನಡಕ ಬರೆದ್ರೆ ಹಾಕಿಸಿ, ಹೆಣ್ಣುಮಗು ಅಂತ ಹಿಂಜರಿಯಬೇಡಿ, ಈ ವಯಸ್ಸಲ್ಲಿ ಹಾಕಿದ ಕನ್ನಡಕ ಮಂದ ಕಣ್ಣನ್ನ ಎಬ್ಬಿಸುತ್ತೆ, ಹತ್ತು ವರ್ಷ ದಾಟಿದ ಮೇಲೆ ಹಾಕಿದ್ರೆ ಅಷ್ಟು ಪ್ರಯೋಜನ ಸಿಗಲ್ಲ. ಎಲ್ಲಾ ರಿಪೋರ್ಟು, ಲೇಸರ್ ಶೀಟು, ಡಿಸ್ಚಾರ್ಜ್ ಕಾರ್ಡು ಒಂದೇ ಫೈಲಲ್ಲಿ ಹಾಕಿ, ಮೊಬೈಲಲ್ಲೂ ಫೋಟೋ ತೆಗೆದಿಡಿ. ಊರು ಬದಲಾದಾಗ ಹೊಸ ಡಾಕ್ಟರ್ ಮೊದಲು ಕೇಳೋದೇ ಅದನ್ನ: ಎಷ್ಟನೇ ವಾರಕ್ಕೆ ಹುಟ್ಟಿದ್ದು, ಎಷ್ಟು ಗ್ರಾಂ ಇತ್ತು, ಕೊನೆಯ ಸಲ ರೆಟಿನಾ ನೋಡಿದ್ದು ಯಾವತ್ತು.